ಅಮ್ಮ, ನಾನು ಚೀನಾದವನಲ್ಲ, ಅಲ್ವಾ?

ಚಿತ್ರಕಲೆ ಕಲಿಯುವವರಿಗೂ ಚಿತ್ರ ನೋಡುವ ಆಸೆ ಇರುವವರಿಗೂ ಈಚೆಗೆ ಕೊಟ್ಟ ಉಪನ್ಯಾಸವೊಂದರ ಬರಹ ರೂಪ ಇದು. ಅವತ್ತು ಪರದೆಯ ಮೇಲೆ ಚಿತ್ರ ತೋರಿಸುತ್ತಾ ಮಾತಾಡಿದ್ದೆ. ಇಲ್ಲಿ ಆ ಅನುಕೂಲ ಇಲ್ಲ. ಹಾಗಾಗಿ ಚಿತ್ರದಲ್ಲಿ ಏನಿದೆ ಅನ್ನುವುದನ್ನು ಅಲ್ಲಲ್ಲಿ ಸ್ವಲ್ಪ ಜಾಸ್ತಿ ಬಿಡಿಸಿ ಬರೆದಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಮೊದಲು ಈ ಫೋಟೋ ನೋಡಿ. ಒಬ್ಬ ಪುಟ್ಟ ಹುಡುಗನ ಹಳೆಯ ಫೋಟೋ. ನಮ್ಮ ನಿಮ್ಮ ಮನೆಯ ಆಲ್ಬಮ್ಮಿನಲ್ಲೂ ಇಂಥದ್ದು ಒಂದು ಇರುತ್ತದೆ. ಆದರೆ ಈ ಫೋಟೋದ ಮೇಲೆ ಕೈಬರಹ ಇದೆ. ಬರೆದದ್ದು ಅದೇ ಹುಡುಗ, ಬೆಳೆದು ದೊಡ್ಡವನಾದ ಎಷ್ಟೋ ವರ್ಷಗಳ ನಂತರ. ಹೆಸರು ವಿಲಿಯಂ ಯಾಂಗ್. ಆಸ್ಟ್ರೇಲಿಯಾದ ಛಾಯಾಗ್ರಾಹಕರು. 1943ರಲ್ಲಿ ಕ್ವೀನ್ಸ್‌ಲ್ಯಾಂಡಿನ ಉತ್ತರ ಭಾಗದಲ್ಲಿರುವ ಮರೀಬಾದಲ್ಲಿ ಹುಟ್ಟಿದರು. ಡಿಂಬುಲಾ ಅನ್ನುವ ಸಣ್ಣ ಊರಿನ ತಂಬಾಕು ಹೊಲದಲ್ಲಿ ಬೆಳೆದರು.

ಫೋಟೋದ ಮೇಲೆ ಅವರು ಬರೆದಿರುವ ಕತೆ ಹೀಗಿದೆ. ಹುಡುಗನಿಗೆ ಆಗ ಆರು ವರ್ಷ. ಶಾಲೆಯಲ್ಲಿ ಇನ್ನೊಬ್ಬ ಹುಡುಗ 'ಚಿಂಗ್ ಚಾಂಗ್ ಚೈನಾಮನ್' ಅಂತ ರಾಗ ಎಳೆದು ರೇಗಿಸಿದ. ಇವನಿಗೆ ಅರ್ಥ ಆಗಲಿಲ್ಲ. ಆದರೆ ಹೇಳಿದವನ ಮುಖ ನೋಡಿದರೆ ಕೆಟ್ಟ ಮಾತು ಅಂತ ಗೊತ್ತಾಯಿತು. ಮನೆಗೆ ಬಂದು ಅಮ್ಮನನ್ನು ಕೇಳಿದ: 'ಅಮ್ಮ, ನಾನು ಚೀನಾದವನಲ್ಲ, ಅಲ್ವಾ?' ಅಮ್ಮ ಅವನನ್ನೇ ನೋಡಿ, 'ಹೌದು, ಚೀನಾದವನೇ' ಅಂದಳು. ಅವಳ ದನಿ ಗಡುಸಾಗಿತ್ತು. ಚೀನಾದವನಾಗಿರುವುದು ಯಾವುದೋ ದೊಡ್ಡ ಶಾಪ, ಇದರಿಂದ ಅಮ್ಮ ನನ್ನನ್ನು ಕಾಪಾಡುವುದಿಲ್ಲ ಅಂತ ಹುಡುಗನಿಗೆ ಆ ಕ್ಷಣವೇ ತಿಳಿದುಹೋಯಿತು. ನಾಲ್ಕು ವರ್ಷ ದೊಡ್ಡವನಾದ ಅಣ್ಣ ಪಕ್ಕದಲ್ಲಿದ್ದ. ಇದಕ್ಕೆ ಒಗ್ಗಿಕೊಳ್ಳುವುದು ಒಳ್ಳೆಯದು ಅಂದ.

ಅಷ್ಟೇ ಕತೆ. ಆ ಹುಡುಗನ 'ಅಲ್ವಾ'ವನ್ನು ಸ್ವಲ್ಪ ಗಮನಿಸಿ. ನಾನು ಯಾರು ಅಂತ ಅವನು ಕೇಳುತ್ತಿಲ್ಲ. ಅದು ದೊಡ್ಡವರು ಕೇಳುವ ಪ್ರಶ್ನೆ. 'ಇಲ್ಲ ಕಂದ, ನೀನು ಅಲ್ಲ' ಅಂತ ಅಮ್ಮ ಒಂದು ಮಾತು ಹೇಳಲಿ, ಅಷ್ಟು ಸಾಕು ಅವನಿಗೆ. ಮಗು ಆಸರೆ ಕೇಳುತ್ತಿದೆ.

ಇನ್ನೊಂದು ವಿಷಯ. ಫೋಟೋ ತೆಗೆದ ವಯಸ್ಸು ಬೇರೆ, ಕತೆ ನಡೆದ ವಯಸ್ಸು ಬೇರೆ, ಬರೆದ ಕೈಯ ವಯಸ್ಸು ಬೇರೆ. ಮೂರೂ ಒಂದೇ ಕಾಗದದ ಮೇಲೆ ಕೂತಿವೆ. ಫೋಟೋದ ಹುಡುಗನಿಗೆ ಪಕ್ಕದಲ್ಲಿ ಏನು ಬರೆದಿದೆ ಅಂತ ಗೊತ್ತೇ ಇಲ್ಲ. ನಮಗೆ ಗೊತ್ತು. ನಾವು ಓದಿ ಮತ್ತೆ ಅವನ ಮುಖ ನೋಡುತ್ತೇವೆ, ಮತ್ತೆ ಓದುತ್ತೇವೆ. ಬರೀ ಬರಹ ಆಗಿದ್ದರೆ ಇದು ಆಗುತ್ತಿರಲಿಲ್ಲ. ಬರೀ ಫೋಟೋ ಆಗಿದ್ದರೂ ಆಗುತ್ತಿರಲಿಲ್ಲ.

ಹೊರನಾಡಿನ ಚೀನೀಯರ ಕಲೆ ಅಂದ ಕೂಡಲೇ ನಮ್ಮ ಕಣ್ಣಿಗೆ ಕೆಂಪು ಲಾಟೀನು, ಡ್ರ್ಯಾಗನ್, ಹೊಸ ವರ್ಷದ ಪಟಾಕಿ ಬರುತ್ತವೆ. ಅಥವಾ 'ಎರಡು ಸಂಸ್ಕೃತಿಗಳ ನಡುವೆ ಸಿಕ್ಕಿಕೊಂಡವರು' ಅನ್ನುವ ಮಾತು ಬರುತ್ತದೆ. ನನಗೆ ಈ ಮಾತು ಅಷ್ಟಾಗಿ ಒಪ್ಪಿಗೆ ಇಲ್ಲ. ಇವತ್ತು ನಾನು ತೋರಿಸುವ ಕಲಾವಿದರ ಕೆಲಸವನ್ನು ನೋಡುತ್ತಾ ಹೋದರೆ ಅವರು ಚೀನಾವನ್ನು ಹುಡುಕುತ್ತಿದ್ದಾರೆ ಅನ್ನಿಸುವುದಿಲ್ಲ. ತಮ್ಮ ಮನೆಯನ್ನೇ ಹುಡುಕುತ್ತಿದ್ದಾರೆ. ಚಿಕ್ಕವರಿದ್ದಾಗ ಮನೆಯಲ್ಲಿ ಯಾರೂ ಹೇಳದೆ ಬಿಟ್ಟ ಮಾತು ಒಂದಿರುತ್ತದೆ. ಅದರ ಬಾಗಿಲಿಗೆ ಹೋಗಿ ಮತ್ತೆ ತಟ್ಟುತ್ತಿದ್ದಾರೆ.

ಅಮ್ಮನ ದನಿ ಯಾಕೆ ಗಡುಸಾಯಿತು? ಯಾಂಗ್ ಅವರ ಅಜ್ಜ ಅಜ್ಜಿಯರು 1880ರ ದಶಕದಲ್ಲಿ ಆಸ್ಟ್ರೇಲಿಯಾಕ್ಕೆ ಬಂದವರು. ಅಪ್ಪ ಅಮ್ಮ ಇಬ್ಬರೂ ಹುಟ್ಟಿದ್ದು ಅಲ್ಲೇ. ಆದರೆ 1901ರಲ್ಲಿ ಆ ದೇಶ ಒಂದು ವಲಸೆ ಕಾನೂನು ತಂದಿತು. ಒಳಗೆ ಬರುವವರಿಗೆ ಯಾವುದಾದರೊಂದು ಯುರೋಪಿನ ಭಾಷೆಯಲ್ಲಿ ಐವತ್ತು ಪದಗಳ ಉಕ್ತಲೇಖನ ಕೊಡಬಹುದು, ಯಾವ ಭಾಷೆ ಅಂತ ಅಧಿಕಾರಿಯೇ ತೀರ್ಮಾನಿಸಬಹುದು. ಬೇಡದವರು ಪಾಸಾಗದಂತೆ ಮಾಡುವುದು ಎಷ್ಟು ಸುಲಭ ನೋಡಿ. ಈ ಪರೀಕ್ಷೆ 1958ರ ತನಕ ಇತ್ತು. ಬಿಳಿಯರ ಆಸ್ಟ್ರೇಲಿಯಾ ಅನ್ನುವ ನೀತಿ ಪೂರ್ತಿ ಮುಗಿದದ್ದು 1973ರಲ್ಲಿ. ಅಂಥ ನೆಲದಲ್ಲಿ ಮಕ್ಕಳನ್ನು ಬೆಳೆಸುವ ತಾಯಿ ಏನು ಮಾಡುತ್ತಾಳೆ? ಆದಷ್ಟು ಆಸ್ಟ್ರೇಲಿಯಾದವರ ಹಾಗೆಯೇ ಬೆಳೆಸುತ್ತಾಳೆ. ಅಪ್ಪನದು ಹಕ್ಕಾ ಮಾತು, ಅಮ್ಮನದು ಕ್ಯಾಂಟನಿನ ಕಡೆಯ ಮಾತು. ಇಬ್ಬರಿಗೂ ಹೊಂದುವ ಭಾಷೆ ಇಂಗ್ಲಿಷ್. ಮಕ್ಕಳಿಗೆ ಚೀನೀ ಭಾಷೆ ಬರಲೇ ಇಲ್ಲ.

ಇದರ ಹಿಂದೆ ಇನ್ನೂ ಕಹಿಯಾದ ಒಂದು ಸಂಗತಿ ಇದೆ. ಯಾಂಗ್ ಅವರ ಅಮ್ಮನ ಸೋದರಿಯ ಗಂಡ ವಿಲಿಯಂ ಫಾಂಗ್ ಯುಯೆನ್ ಮೌರಿಲ್ಯಾನ್ ಅನ್ನುವಲ್ಲಿ ಕಬ್ಬಿನ ತೋಟ ಇಟ್ಟಿದ್ದರು. 1922ರಲ್ಲಿ ಅವರ ಕೊಲೆಯಾಯಿತು. ಆರೋಪಿ ಒಬ್ಬ ಬಿಳಿಯ. ಅವನು ಬಿಡುಗಡೆಯಾದ. ದೊಡ್ಡವರಾದ ಮೇಲೆ ಯಾಂಗ್ ಕ್ಯಾಮೆರಾ ಹಿಡಿದು ಆ ಊರಿಗೆ ಹೋದರು. ಜಾಗಗಳ ಫೋಟೋ ತೆಗೆದರು. ಸಂಬಂಧಿಕರನ್ನು ಮಾತಾಡಿಸಿದರು. ಆಮೇಲೆ ರಂಗದ ಮೇಲೆ ನಿಂತು, ಸ್ಲೈಡುಗಳನ್ನು ಒಂದೊಂದಾಗಿ ತೋರಿಸುತ್ತಾ, ತಣ್ಣನೆಯ ದನಿಯಲ್ಲಿ ಕತೆ ಹೇಳಿದರು. 1989ರಿಂದ ಅವರು ಹೀಗೆ ಸ್ಲೈಡ್ ಹಾಕಿ ಕತೆ ಹೇಳುತ್ತಾ ಬಂದಿದ್ದಾರೆ. ನಮ್ಮಲ್ಲಿ ಪಟ ಹಿಡಿದು ಊರೂರು ಸುತ್ತಿ ಕತೆ ಹೇಳುತ್ತಿದ್ದವರನ್ನು ಬಲ್ಲವರಿಗೆ ಇದು ಹೊಸದಾಗಿ ಕಾಣುವುದಿಲ್ಲ. ಮಾತು ಹೆಚ್ಚಿಲ್ಲ, ಅಳು ಇಲ್ಲ. ಚಿತ್ರ ಬದಲಾಗುವ ಸಣ್ಣ ಕತ್ತಲಲ್ಲಿ ನೋಡುವವರೇ ಉಳಿದದ್ದನ್ನು ತುಂಬಿಕೊಳ್ಳಬೇಕು.

ಅವರ ಹೆಸರಿನ ವಿಷಯವನ್ನೂ ಹೇಳಬೇಕು. ಹುಟ್ಟಿನಿಂದ ಅವರು ವಿಲಿಯಂ ಯಂಗ್. ಇಂಗ್ಲಿಷರ ಕಿವಿಗೆ ಹೊಂದುವ ಹೆಸರು. 1983ರಲ್ಲಿ ಅದನ್ನು ಯಾಂಗ್ ಅಂತ ಬದಲಿಸಿಕೊಂಡರು. ಆಗ ಅವರಿಗೆ ನಲವತ್ತು. ಚೀನಾದ ಹಳೆಯ ತಾವೋ ಚಿಂತನೆ ಕಲಿಯುತ್ತಿದ್ದ ಕಾಲ. ತಾನು ಸಲಿಂಗಿ ಅಂತ ಹೊರಗೆ ಹೇಳಿಕೊಂಡ ಹಾಗೆಯೇ, ಚೀನಾದವನು ಅಂತಲೂ ಹೊರಗೆ ಬಂದೆ ಅಂತ ಅವರು ಹೇಳಿದ್ದಾರೆ. ಆರನೇ ವಯಸ್ಸಿನಲ್ಲಿ ಬೀಗ ಬಿದ್ದ ಬಾಗಿಲು ನಲವತ್ತಕ್ಕೆ ತೆರೆಯಿತು.

ಇಲ್ಲಿ ಹೆಸರನ್ನು ಕೇಳಿ ವಾಪಸು ತೆಗೆದುಕೊಂಡವರನ್ನು ನೋಡಿದೆವು. ಈಗ ಹೆಸರನ್ನು ಕಳೆದುಕೊಂಡವರ ಹತ್ತಿರ ಹೋಗೋಣ. ನನಗೆ ಎಲ್ಲಕ್ಕಿಂತ ಹತ್ತಿರವಾದ ಕೃತಿ ಇದು. ಹಾಗಾಗಿ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಎಫ್. ಎಕ್ಸ್. ಹರ್ಸೊನೊ ಇಂಡೋನೇಷ್ಯಾದವರು. 1949ರಲ್ಲಿ ಪೂರ್ವ ಜಾವಾದ ಬ್ಲಿಟಾರ್ ಊರಲ್ಲಿ ಹುಟ್ಟಿದರು. ಹುಟ್ಟಿದಾಗ ಅವರ ಹೆಸರು ಓ ಹೊಂಗ್ ಬುನ್. ಕಮ್ಯುನಿಸ್ಟರು ಅಂತ ಲಕ್ಷಾಂತರ ಜನರನ್ನು ಕೊಂದ 1965ರ ರಕ್ತಪಾತದ ನಂತರ ಸೇನಾಧಿಕಾರಿ ಸುಹಾರ್ತೊ ಆಡಳಿತ ಬಂತು. ಚೀನೀ ಶಾಲೆಗಳು ಮುಚ್ಚಿದವು. ಚೀನೀ ಅಕ್ಷರ ಬೀದಿಯಲ್ಲಿ ಕಾಣದಂತಾಯಿತು. 1967ರಲ್ಲಿ ಹಬ್ಬ, ಪೂಜೆಗಳನ್ನು ಮನೆಯೊಳಗೇ ಮಾಡಿಕೊಳ್ಳಬೇಕು ಅಂತ ಆದೇಶ ಬಂತು. ಹೆಸರನ್ನೂ 'ಇಂಡೋನೇಷ್ಯಾದ್ದು' ಮಾಡಿಕೊಳ್ಳಿ ಅಂದರು. ಜನ ತಮ್ಮ ಹೆಸರಿಗೆ ಹತ್ತಿರ ಕೇಳಿಸುವ ಜಾವಾದ ಹೆಸರು ಹುಡುಕಿಕೊಂಡರು. ವಿಜಯ, ಕುಸುಮ ಅನ್ನುವಂಥ ಹೆಸರುಗಳು ಹೀಗೆ ಚೀನೀ ಮನೆಗಳಿಗೆ ಬಂದವು. ನಮ್ಮ ಶಾಲೆಯ ಹಾಜರಿ ಪುಸ್ತಕದಲ್ಲಿರುವ ಹೆಸರುಗಳೇ ಅವು! ನಮಗೆ ಅಷ್ಟು ಆಪ್ತವಾದ ಪದ ಇನ್ನೊಬ್ಬರ ಹೆಸರನ್ನು ಮುಚ್ಚುವ ಹೊದಿಕೆ ಆಗಿತ್ತು ಅಂತ ತಿಳಿದಾಗ ನನಗೆ ಸಂಕಟ ಆಯಿತು. ಹದಿನೆಂಟರ ಹುಡುಗ ಓ ಹೊಂಗ್ ಬುನ್ ಹರ್ಸೊನೊ ಆದ.

1970ರ ದಶಕದಲ್ಲಿ ಅವರು ಹೊಸ ಕಲಾ ಚಳವಳಿ ಕಟ್ಟಿದವರಲ್ಲಿ ಒಬ್ಬರು. ಸರ್ವಾಧಿಕಾರದ ವಿರುದ್ಧ, ಬಡವರ ಪರವಾಗಿ ಕೆಲಸ ಮಾಡಿದರು. ಆಗ ಅವರ ಕೃತಿಗಳಲ್ಲಿ 'ನಾನು' ಇರಲಿಲ್ಲ. 1998ರ ಮೇ ತಿಂಗಳಲ್ಲಿ ಗಲಭೆ ಆಯಿತು. ಜಕಾರ್ತದಲ್ಲಿ, ಸೋಲೊದಲ್ಲಿ ಚೀನೀ ಮೂಲದವರ ಅಂಗಡಿ, ಮನೆಗಳಿಗೆ ಬೆಂಕಿ ಬಿತ್ತು. ಹೆಂಗಸರ ಮೇಲೆ ಅತ್ಯಾಚಾರ ನಡೆಯಿತು. ಅವರಲ್ಲಿ ಬಹಳಷ್ಟು ಮಂದಿ ಹೆಸರು ಬದಲಿಸಿಕೊಂಡಿದ್ದವರೇ. ಹೆಸರು ಬದಲಿಸಿದರೂ ಬಿಡಲಿಲ್ಲ. ಆಮೇಲೆ ಹರ್ಸೊನೊ ತಮ್ಮ ಮನೆಯ ಕಡೆ ತಿರುಗಿದರು.

ಮನೆಯಲ್ಲಿ ಒಂದು ಆಲ್ಬಮ್ ಇತ್ತು. ಅವರ ಅಪ್ಪ ಬ್ಲಿಟಾರಿನಲ್ಲಿ ಫೋಟೋಗ್ರಾಫರ್. ಮದುವೆ, ಹುಟ್ಟುಹಬ್ಬ, ಕುಟುಂಬದ ಫೋಟೋ ತೆಗೆಯುತ್ತಿದ್ದವರು. ಆದರೆ ಈ ಆಲ್ಬಮ್ಮಿನಲ್ಲಿ ಇದ್ದದ್ದು ಎಲುಬುಗಳು. 1940ರ ದಶಕದ ಕೊನೆಯಲ್ಲಿ, ಡಚ್ಚರ ವಿರುದ್ಧ ಸ್ವಾತಂತ್ರ್ಯದ ಹೋರಾಟ ನಡೆಯುತ್ತಿದ್ದ ಗೊಂದಲದ ದಿನಗಳಲ್ಲಿ, ಆ ಸುತ್ತಿನಲ್ಲಿ ಚೀನೀಯರ ಸಾಮೂಹಿಕ ಕೊಲೆಗಳಾಗಿದ್ದವು. 1951ರಲ್ಲಿ ಚೀನೀ ಸಮುದಾಯದವರು ಹೊಂಡಗಳನ್ನು ಅಗೆದು, ಅಸ್ಥಿ ತೆಗೆದು, ಸರಿಯಾಗಿ ಮಣ್ಣು ಮಾಡಿದರು. ಹರ್ಸೊನೊ ಅವರ ಅಪ್ಪ ಅದರ ಫೋಟೋ ತೆಗೆದಿದ್ದರು. ಮಗ ಚಿಕ್ಕಂದಿನಲ್ಲೇ ಆ ಆಲ್ಬಮ್ ನೋಡಿದ್ದ. ನೋಡಿದ್ದು ಏನು ಅಂತ ಅರಿವಾಗಲು ಜೀವಮಾನವೇ ಬೇಕಾಯಿತು.

2009ರಲ್ಲಿ ಅವರು ಮಾಡಿದ ಚಿತ್ರಗಳಲ್ಲಿ ಒಂದು ಕಡೆ ಮನೆಯ ಸಂತೋಷದ ಫೋಟೋ ಇದೆ, ಪಕ್ಕದಲ್ಲಿ ಅಗೆದ ಹೊಂಡದ ಫೋಟೋ ಇದೆ. ಎರಡನ್ನೂ ಒಂದು ಕೆಂಪು ದಾರ ಹೊಲಿದು ಜೋಡಿಸುತ್ತದೆ. ಯೋಚಿಸಿ. ಎರಡೂ ಒಂದೇ ಕ್ಯಾಮೆರಾ, ಒಂದೇ ಕಣ್ಣು. ಮಗುವಿನ ಮುಖ ತೆಗೆದ ಅಪ್ಪನೇ ತಲೆಬುರುಡೆಗಳನ್ನೂ ತೆಗೆದ. ಆಮೇಲೆ ಕೈ ತೊಳೆದುಕೊಂಡು ಊಟಕ್ಕೆ ಕೂತಿರಬೇಕು. ಮಗನ ಬಾಲ್ಯ ಈ ಎರಡು ಫೋಟೋಗಳ ಮಧ್ಯೆ ಬೆಳೆಯಿತು. ಹರ್ಸೊನೊ ಅಷ್ಟಕ್ಕೇ ಬಿಡಲಿಲ್ಲ. ಆ ಊರುಗಳಿಗೆ ಹೋಗಿ ಬದುಕಿ ಉಳಿದವರನ್ನು ಮಾತಾಡಿಸಿ ದಾಖಲೆ ಮಾಡಿದರು. ಗೋರಿಗಳನ್ನು ಹುಡುಕಿದರು. ಕಲ್ಲಿನ ಮೇಲೆ ಬಟ್ಟೆ ಹಾಸಿ ಬಣ್ಣ ಉಜ್ಜಿ, ಕೆತ್ತಿದ ಹೆಸರುಗಳನ್ನು ಎತ್ತಿಕೊಂಡು ಬಂದರು. ನಾವು ಚಿಕ್ಕವರಿದ್ದಾಗ ನಾಣ್ಯದ ಮೇಲೆ ಕಾಗದ ಇಟ್ಟು ಪೆನ್ಸಿಲಿನಿಂದ ಉಜ್ಜುತ್ತಿದ್ದೆವಲ್ಲ, ಅದೇ ಕೆಲಸ.

ಅದೇ ವರ್ಷ ಅವರು ಇನ್ನೊಂದು ಕೆಲಸ ಮಾಡಿದರು. ಒಂದು ಮೇಜು, ಒಂದು ಕುರ್ಚಿ, ಕುಂಚ, ಶಾಯಿ, ಕಾಗದದ ರಾಶಿ. ಕೂತು ತಮ್ಮ ಚೀನೀ ಹೆಸರನ್ನು ಬರೆಯುತ್ತಾರೆ. ಮೂರು ಅಕ್ಷರ. ಬರೆದದ್ದನ್ನು ನೆಲದ ಮೇಲೆ ಜೋಡಿಸುತ್ತಾರೆ. ಮತ್ತೆ ಬರೆಯುತ್ತಾರೆ. ಅವರಿಗೆ ಬರೆಯಲು ನೆನಪಿರುವ ಚೀನೀ ಅಕ್ಷರ ಇವೇ ಮೂರು. ಮಕ್ಕಳು ಅ ಆ ತಿದ್ದುವ ಹಾಗೆ ಅರವತ್ತರ ಮನುಷ್ಯ ತನ್ನ ಹೆಸರನ್ನು ತಿದ್ದುತ್ತಿದ್ದಾರೆ.

ಎರಡು ವರ್ಷದ ನಂತರ, 2011ರಲ್ಲಿ, ಇದೇ ಕೆಲಸವನ್ನು ಗಾಜಿನ ಮೇಲೆ ಮಾಡಿದರು. ವಿಡಿಯೋದಲ್ಲಿ ಅವರು ಗಾಜಿನ ಆಚೆ ನಿಂತು ನಮ್ಮ ಕಡೆ ಮುಖ ಮಾಡಿ ಕುಂಚದಿಂದ ಹೆಸರು ಬರೆಯುತ್ತಾರೆ. ಬರೆಯುತ್ತಾ ಇರುವಾಗಲೇ ಮಳೆ ಸುರಿಯುತ್ತದೆ. ಶಾಯಿ ಇಳಿದು ಹರಿಯುತ್ತದೆ. ಅವರು ನಿಲ್ಲಿಸುವುದಿಲ್ಲ. ಮಳೆಯೂ ನಿಲ್ಲುವುದಿಲ್ಲ. 2018ರಲ್ಲಿ ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರಿನ ದೊಡ್ಡ ಪರದೆಗಳ ಮೇಲೆ ಮಧ್ಯರಾತ್ರಿ ಈ ವಿಡಿಯೋ ಹಾಕಿದ್ದರು. ಅವರ ಊರಿನ ಬೀದಿಯಲ್ಲಿ ಬರೆಯುವಂತಿಲ್ಲದೆ ಇದ್ದ ಮೂರು ಅಕ್ಷರ.

ಇಂಡೋನೇಷ್ಯಾದಲ್ಲೂ ಕಾಲ ಬದಲಾಗಿದೆ ಅನ್ನುವುದನ್ನು ಹೇಳಲೇಬೇಕು. 2000ದಲ್ಲಿ ಅಧ್ಯಕ್ಷ ಅಬ್ದುರ್ರಹ್ಮಾನ್ ವಾಹಿದ್ ಆ ಹಳೆಯ ಆದೇಶ ರದ್ದು ಮಾಡಿದರು. 2003ರಿಂದ ಚೀನೀ ಹೊಸ ವರ್ಷಕ್ಕೆ ದೇಶಕ್ಕೆಲ್ಲ ರಜೆ ಇದೆ. ಅವಮಾನದ ಧ್ವನಿ ಇದ್ದ 'ಚಿನಾ' ಅನ್ನುವ ಪದದ ಬದಲು ಸರ್ಕಾರಿ ಕಾಗದದಲ್ಲಿ 'ತಿಯೊಂಗ್‌ಹೊವಾ' ಅಂತ ಬಳಸಬೇಕು ಅಂತ 2014ರಲ್ಲಿ ಆದೇಶ ಬಂತು. ಹಬ್ಬ ವಾಪಸು ಬಂತು. ಮರೆತ ಅಕ್ಷರ ಬರಲಿಲ್ಲ.

ಹಂಗ್ ಲಿಯು ಅವರದು ಬೇರೆ ದಾರಿ. 1948ರಲ್ಲಿ ಚೀನಾದ ಚಾಂಗ್‌ಚುನ್‌ನಲ್ಲಿ ಹುಟ್ಟಿದವರು. ಅಪ್ಪ ಅಂತರ್ಯುದ್ಧದಲ್ಲಿ ಕಮ್ಯುನಿಸ್ಟರ ಎದುರು ಸೋತ ಪಕ್ಷದ ಸೇನೆಯಲ್ಲಿದ್ದರು. ಅವರನ್ನು ಬಂಧಿಸಿದಾಗ ಇವರು ಕೂಸು. ಮತ್ತೆ ಅಪ್ಪನನ್ನು ಕಂಡದ್ದು 1994ರಲ್ಲಿ. ಹಳೆಯದನ್ನೆಲ್ಲ ಅಳಿಸಲು ಹೊರಟ ಮಾವೋ ಕಾಲದ ಸಾಂಸ್ಕೃತಿಕ ಕ್ರಾಂತಿಯ ದಿನಗಳಲ್ಲಿ ಭಯಕ್ಕೆ ಮನೆಯವರು ಹಳೆಯ ಫೋಟೋಗಳನ್ನು ತಾವೇ ಸುಟ್ಟರು. 1984ರಲ್ಲಿ ಕಲೆ ಓದಲು ಅಮೆರಿಕಕ್ಕೆ ಹೋದರು. 1988ರಲ್ಲಿ ತಮ್ಮ ಗ್ರೀನ್ ಕಾರ್ಡನ್ನೇ ಗೋಡೆಯಷ್ಟು ದೊಡ್ಡದಾಗಿ ಬಿಡಿಸಿದರು. ಹೆಸರಿನ ಜಾಗದಲ್ಲಿ 'ಫಾರ್ಚೂನ್ ಕುಕಿ' ಅಂತ ಬರೆದರು. ಹುಟ್ಟಿದ ವರ್ಷ 1984 ಅಂತ ಹಾಕಿದರು, ಅಮೆರಿಕಕ್ಕೆ ಬಂದ ವರ್ಷ. ಮೂವತ್ತಾರು ವರ್ಷದ ಬದುಕು ಕಾರ್ಡಿಗೆ ಲೆಕ್ಕಕ್ಕಿಲ್ಲ ಅಲ್ವಾ? ಫಾರ್ಚೂನ್ ಕುಕಿ ಅಮೆರಿಕದ ಚೀನೀ ಹೋಟೆಲುಗಳಲ್ಲಿ ಊಟದ ಕೊನೆಗೆ ಕೊಡುವ ಬಿಸ್ಕತ್ತು. ಚೀನಾದಲ್ಲಿ ಅದನ್ನು ಯಾರೂ ತಿನ್ನುವುದಿಲ್ಲ. ಸ್ಯಾನ್ ಫ್ರಾನ್ಸಿಸ್ಕೊವನ್ನು ಚೀನೀಯರು 'ಹಳೆಯ ಚಿನ್ನದ ಬೆಟ್ಟ' ಅನ್ನುತ್ತಾರೆ. 1994ರಲ್ಲಿ ಹಂಗ್ ಲಿಯು ಅಲ್ಲಿನ ಮ್ಯೂಸಿಯಮ್ಮಿನಲ್ಲಿ ಎರಡು ಲಕ್ಷ ಫಾರ್ಚೂನ್ ಕುಕಿಗಳನ್ನು ರೈಲು ಹಳಿಗಳ ಮೇಲೆ ಬೆಟ್ಟದಂತೆ ರಾಶಿ ಹಾಕಿದರು. ಹಿಂದೆ ಅಮೆರಿಕದಲ್ಲಿ ರೈಲು ಹಳಿಗಳನ್ನು ಹಾಕಲು ಜೀವ ಸವೆಸಿದವರಲ್ಲಿ ಚೀನೀ ಕೂಲಿಗಳು ಬಹಳ.

ಅವರ ಚಿತ್ರಗಳನ್ನು ಹತ್ತಿರದಿಂದ ನೋಡಿದರೆ ಬಣ್ಣ ಮೇಲಿಂದ ಕೆಳಗೆ ಸೋರಿರುತ್ತದೆ. ಅಗಸೆ ಎಣ್ಣೆ ಹೆಚ್ಚು ಬೆರೆಸಿ ಬೇಕಂತಲೇ ಸೋರಲು ಬಿಡುತ್ತಿದ್ದರು. ಹಳೆಯ ಫೋಟೋ ನೋಡಿ ಮುಖ ಬಿಡಿಸುವುದು, ಆಮೇಲೆ ಆ ಮುಖ ಕರಗಲು ಬಿಡುವುದು. ಹರ್ಸೊನೊ ಅವರ ಮಳೆ ನೆನಪಾಗುತ್ತದೆ. ಒಬ್ಬರನ್ನೊಬ್ಬರು ನೋಡಿ ಮಾಡಿದ್ದಲ್ಲ ಇದು. ಕೈಗೆ ಸಿಕ್ಕೂ ಜಾರುವ ವಸ್ತುವನ್ನು ತೋರಿಸಲು ಇಬ್ಬರಿಗೂ ನೀರಿನ ಹಾಗೆ ಹರಿಯುವುದೇ ಬೇಕಾಯಿತು.

ಇನ್ನು ಸಿಂಗಪುರ. ಅಲ್ಲಿ ಚೀನೀ ಮೂಲದವರೇ ಹೆಚ್ಚು. ಯಾರೂ ಹೆಸರು ಕಿತ್ತುಕೊಳ್ಳಲಿಲ್ಲ. ಹಾಗಿದ್ದರೆ ಅಲ್ಲಿ ಕಳೆದುಹೋದದ್ದು ಏನು? ಯಿಪ್ ಯೂ ಚೊಂಗ್ 1969ರಲ್ಲಿ ಹುಟ್ಟಿದವರು. ಚೈನಾಟೌನಿನ ಸಾಗೊ ಲೇನಿನಲ್ಲಿ ಬೆಳೆದರು. ವರ್ಷಗಟ್ಟಲೆ ಲೆಕ್ಕಪತ್ರದ ಕೆಲಸ ಮಾಡಿ, 2018ರಲ್ಲಿ ಅದನ್ನು ಬಿಟ್ಟು ಪೂರ್ತಿ ಚಿತ್ರಕ್ಕೆ ಬಂದರು. ಬೀದಿ ಗೋಡೆಗಳ ಮೇಲೆ ತಮ್ಮ ಬಾಲ್ಯದ ಮನೆಯ ಒಳಗನ್ನು ಬಿಡಿಸಿದ್ದಾರೆ. ಓದು ಬರಹ ಬಾರದ ವಲಸಿಗರಿಗೆ ಊರಿಗೆ ಕಾಗದ ಬರೆದುಕೊಡುತ್ತಿದ್ದವನ ಚಿತ್ರವೂ ಇದೆ. ದಕ್ಷಿಣ ಚೀನಾದಿಂದ ಸಮುದ್ರ ದಾಟಿ ಬಂದ ಹೊಕ್ಕಿಯೆನ್ ಜನ ಮೊದಲು ಕೈ ಮುಗಿಯುತ್ತಿದ್ದ ಥಿಯನ್ ಹಾಕ್ ಕೆಂಗ್ ದೇವಸ್ಥಾನದ ಹಿಂದಿನ ಗೋಡೆಯ ಮೇಲೆ 2017ರಲ್ಲಿ ಅವರ ಕತೆಯನ್ನೇ 44 ಮೀಟರ್ ಉದ್ದಕ್ಕೆ ಬರೆದರು. ಜನ ಬರುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ. ಇವು ಬರೀ ಸಿಹಿ ನೆನಪು ಅಂತ ಕೆಲವರು ಅನ್ನುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. 1979ರಲ್ಲಿ ಅಲ್ಲಿನ ಸರ್ಕಾರ ಮ್ಯಾಂಡರಿನ್ ಮಾತಾಡಿ ಅನ್ನುವ ಅಭಿಯಾನ ಶುರು ಮಾಡಿತು. ಮ್ಯಾಂಡರಿನ್ ಚೀನಾದ ಅಧಿಕೃತ ಭಾಷೆ. ಅಲ್ಲಿನ ಚೀನೀ ಮನೆಗಳ ಮಾತುಗಳಾಗಿದ್ದ ಹೊಕ್ಕಿಯೆನ್, ಕ್ಯಾಂಟನೀಸ್, ತಿಯೊಚ್ಯು ರೇಡಿಯೋ ಟಿವಿಯಿಂದ ಮರೆಯಾದವು. ಮೊಮ್ಮಕ್ಕಳಿಗೆ ಅಜ್ಜಿಯ ಜೊತೆ ಮಾತಾಡಲು ಮಾತೇ ಇಲ್ಲದಂತಾಯಿತು. ಅಜ್ಜಿಯೂ ಚೀನಾದವಳೇ, ಮೊಮ್ಮಗುವೂ ಚೀನಾದ ಮೂಲದ್ದೇ. ಮಧ್ಯೆ ಮೌನ. ಆ ಗೋಡೆಯ ಚಿತ್ರದ ಮುಂದೆ ನಿಂತರೆ ಅಜ್ಜಿ ಬೆರಳು ತೋರಿಸಬಹುದು. ಬೆರಳಿಗೆ ಭಾಷೆ ಬೇಡ.

ಹೊರನಾಡಿಗರ ಬಗ್ಗೆ ಚೀನೀ ಭಾಷೆಯಲ್ಲಿ ಎರಡು ಹಳೆಯ ಮಾತುಗಳಿವೆ. ಉದುರಿದ ಎಲೆ ಬೇರಿಗೆ ಮರಳುತ್ತದೆ ಅನ್ನುವುದು ಒಂದು. ಬಿದ್ದ ನೆಲದಲ್ಲೇ ಬೇರು ಬಿಡು ಅನ್ನುವುದು ಇನ್ನೊಂದು. ಹಿಂದೆ ವಲಸೆ ಹೋದವರನ್ನು 'ಹ್ವಾಚ್ಯಾವ್' ಅನ್ನುತ್ತಿದ್ದರು, ಬೇರೆ ಊರಲ್ಲಿ ತಂಗಿರುವ ಚೀನೀಯ ಅಂತ ಅರ್ಥ. ತಂಗಿರುವವನು ಒಂದು ದಿನ ಹೊರಡಲೇಬೇಕು. ಮೂರು ನಾಲ್ಕು ತಲೆಮಾರು ಅಲ್ಲೇ ಹುಟ್ಟಿದವರಿಗೆ ಆ ಪದ ಹೇಗೆ ಹೊಂದುತ್ತದೆ?

ಕೊನೆಗೆ ಸಭೆಯಲ್ಲಿ ಒಬ್ಬ ವಿದ್ಯಾರ್ಥಿನಿ ಕೇಳಿದಳು: ನಮ್ಮ ದೇಶದಲ್ಲಿ? ಒಳ್ಳೆಯ ಪ್ರಶ್ನೆ.

ಕೋಲ್ಕತ್ತದ ಕೆಳಗೆ ಹೂಗ್ಲಿ ದಂಡೆಯಲ್ಲಿ ಅಚೀಪುರ ಅಂತ ಒಂದು ಊರಿದೆ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಅಲ್ಲಿಗೆ ಬಂದು ಸಕ್ಕರೆ ಕಾರ್ಖಾನೆ ಹಾಕಿದ ಟಾಂಗ್ ಅಚ್ಯೂ ಅವರ ಹೆಸರಿನ ಊರು. ಅವರ ಕೆಂಪು ಗೋರಿಗೆ ಇಂದಿಗೂ ಹೊಸ ವರ್ಷದ ಹೊತ್ತಿಗೆ ಕೋಲ್ಕತ್ತದ ಚೀನೀಯರು ಹೋಗಿ ಬರುತ್ತಾರೆ. ತಿರೆಟ್ಟಾ ಬಜಾರ್, ಟಾಂಗ್ರಾ ಅವರ ಕೇರಿಗಳು. 1962ರ ಯುದ್ಧ ಆದಾಗ ಅಸ್ಸಾಂ, ಡಾರ್ಜಿಲಿಂಗ್, ಶಿಲ್ಲಾಂಗ್ ಕಡೆಯ ಸುಮಾರು ಮೂರು ಸಾವಿರ ಚೀನೀ ಮೂಲದವರನ್ನು ರೈಲಿಗೆ ಹತ್ತಿಸಿ ರಾಜಸ್ಥಾನದ ದೇವ್ಲಿ ಶಿಬಿರಕ್ಕೆ ಕಳಿಸಿದರು. ಅವರಲ್ಲಿ ಮಕ್ಕಳಿದ್ದರು. ಶಿಬಿರದಲ್ಲೇ ಹುಟ್ಟಿದ ಮಕ್ಕಳೂ ಇದ್ದರು. ವಿಚಾರಣೆ ಇಲ್ಲ, ತಪ್ಪು ಏನು ಅಂತ ಹೇಳಲಿಲ್ಲ. ಕೆಲವರು ಹಲವು ವರ್ಷ ಅಲ್ಲೇ ಉಳಿದರು. ಬಿಟ್ಟ ಮೇಲೆ ಎಷ್ಟೋ ಮಂದಿಗೆ ಮನೆ, ಅಂಗಡಿ ಉಳಿದಿರಲಿಲ್ಲ. ಬಹಳಷ್ಟು ಜನ ಕೆನಡಾದಂಥ ದೇಶಗಳಿಗೆ ಹೋದರು. ಅವರು ಮಕ್ಕಳ ಮುಂದೆ ದೇವ್ಲಿಯ ಮಾತೆತ್ತಲು ದಶಕಗಳು ಹಿಡಿದವು. ಯಾಂಗ್ ಅವರ ಅಮ್ಮನ ಗಡುಸು ದನಿ ಆಸ್ಟ್ರೇಲಿಯಾದ್ದು ಮಾತ್ರ ಅಂತ ನಾವು ತಿಳಿಯಬಾರದು.

ಮಾತು ಮುಗಿದ ಮೇಲೆ ಒಬ್ಬ ಹಿರಿಯರು ಬಂದು ಪಕ್ಕದಲ್ಲಿ ಕೂತರು. ಬೆಂಗಳೂರಿನ ಹಳಬರು. ಹಿಂದೆ ಇಲ್ಲಿನ ಬ್ಯೂಟಿ ಪಾರ್ಲರುಗಳಲ್ಲಿ ಎಷ್ಟೋ ಚೀನೀ ಮನೆತನದವರದ್ದು. ಅವರ ಬೀದಿಯಲ್ಲೂ ಒಂದು ಇತ್ತಂತೆ. ಮದುವೆಗೆ ಮುಂಚೆ ಅವರ ಅಕ್ಕಂದಿರು ಅಲ್ಲಿಗೇ ಹೋಗುತ್ತಿದ್ದರಂತೆ. ಪಾರ್ಲರಿನಾಕೆ ಒಳ್ಳೆಯ ಕನ್ನಡ ಮಾತಾಡುತ್ತಿದ್ದರು, ದೀಪಾವಳಿಗೆ ನಮ್ಮ ಮನೆಗೆ ಬರುತ್ತಿದ್ದರು, ನನಗೆ ಪೆಪ್ಪರ್‌ಮೆಂಟ್ ಕೊಡುತ್ತಿದ್ದರು ಅಂತ ಹೇಳುತ್ತಾ ಹೋದರು. ಬಾಗಿಲ ಬಣ್ಣ ಕೂಡ ಅವರಿಗೆ ನೆನಪಿತ್ತು, ತಿಳಿ ಹಸಿರು.

ಅವರ ಹೆಸರೇನು ಸಾರ್ ಅಂತ ಕೇಳಿದೆ.

ಬಹಳ ಹೊತ್ತು ಯೋಚಿಸಿದರು. 'ನಾವೆಲ್ಲ ಚೀನಾ ಆಂಟಿ ಅಂತಲೇ ಕರೀತಿದ್ವಿ' ಅಂದರು.